ಸೆನ್ಸರಿಗೂ ಥಂಡಿ

ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ್ದು ಎಂದು ಧೈರ್ಯವಾಗಿ ಹೇಳಬಹುದಾದದ್ದು ಒಣಮೀನು ಒಂದೇ. ಅದೂ ಡಬ್ಬದ ಮುಚ್ಚಳ ಬಿಗಿಯಾಗಿದ್ದರೆ. ಉಳಿದಂತೆ ಹಪ್ಪಳ ಮುರಿಯುವುದಿಲ್ಲ, ಮಡಚುತ್ತದೆ. ಬೆಳಗ್ಗಿನ ಪೇಪರು ಬಿಡಿಸಿದರೆ ಸದ್ದೇ ಬರುವುದಿಲ್ಲ. ಮದುವೆ ಮುಂಜಿಗೆಂದು ಎತ್ತಿಟ್ಟ ಬೂಟು ಹೊರಗೆ ತೆಗೆದರೆ ಅದು ಕಪ್ಪೋ ಕಂದೋ ಎಂದು ತಿಳಿಯಲು ಮೊದಲು ಬೂಷ್ಟು ಒರೆಸಬೇಕು. ಇನ್ನು ಬಟ್ಟೆಯ ಕಥೆ ಕೇಳಬೇಡಿ. ಸ್ವಂತ ಮನೆಯವರು ಟೆರೇಸಿನ ಮೇಲೆ ಶೀಟು ಹಾಕಿಸಿ ಅದರಡಿಯಲ್ಲಿ ಹಗ್ಗ ಕಟ್ಟುತ್ತಾರೆ. ಫ್ಲ್ಯಾಟಿನವರಿಗೆ ಚಾವಡಿಯೇ ಗತಿ. ನೆಂಟರು ಬಂದರೆ ಎರಡು ಲುಂಗಿ, ಒಂದು ನೈಟಿ ಸರಿಸಿಕೊಂಡೇ ಸೋಫಾ ಸೇರಬೇಕು.

ನಾವಿರುವುದು ಬೆಜೈಯ ಒಂದು ಫ್ಲ್ಯಾಟಿನಲ್ಲಿ. ಬ್ಯಾಂಕಿನಿಂದ ರಿಟೈರಾದ ನಾನು, ಅಡುಗೆಮನೆಯಿಂದ ರಿಟೈರಾಗಲು ಯಾರೂ ಬಿಡದ ನನ್ನ ಹೆಂಡತಿ. ಮಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ. ಬೇಸಿಗೆ ರಜೆಗೆ ಬಂದವ ನಮ್ಮ ಮನೆಯನ್ನು ‘ಸ್ಮಾರ್ಟ್’ ಮಾಡಿಟ್ಟು ಹೋದ. ಚಾವಡಿಗೊಂದು, ಮಲಗುವ ಕೋಣೆಗೊಂದು, ಬಚ್ಚಲಿಗೊಂದು ತೇವ ಅಳೆಯುವ ಸೆನ್ಸರು. ಗಾಳಿಯಿಂದ ನೀರು ಹಿಂಡುವ ಡಿಹ್ಯುಮಿಡಿಫೈಯರ್ ಎಂಬ ಯಂತ್ರ. ಅದಕ್ಕೂ ಬಚ್ಚಲಿನ ಎಕ್ಸಾಸ್ಟ್ ಫ್ಯಾನಿಗೂ ಸ್ಮಾರ್ಟ್ ಪ್ಲಗ್ಗು. ಬಲ್ಬುಗಳೂ ವೈಫೈಯವು. ಇವೆಲ್ಲವನ್ನೂ ಆಳುವುದು ಟಿವಿಯ ಹಿಂದೆ ಅಡಗಿ ಕುಳಿತ ಒಂದು ಸಣ್ಣ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಆಳುವುದು ವೈಟ್‌ಫೀಲ್ಡ್.

“ಅಪ್ಪ, ನೀವು ಎಂಥದೂ ಮುಟ್ಟಲಿಕ್ಕಿಲ್ಲ. ತೇವ 60 ದಾಟಿದರೆ ಯಂತ್ರ ತನ್ನಷ್ಟಕ್ಕೆ ಆನ್ ಆಗ್ತದೆ, 60ಕ್ಕಿಂತ ಕೆಳಗೆ ಬಂದರೆ ಆಫ್” ಎಂದ ಮಗ.

ಈ 60 ಎಂಬುದು ಬೆಂಗಳೂರಿನ ಲೆಕ್ಕ. ವರ್ಷಕ್ಕೆ 1,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಕುಳಿತು, 3,500 ದಾಟಿಯೂ ಸುರಿಯುವ ಊರಿಗೆ ಬರೆದ ಕಾನೂನು. ಇಂಥ ಕಾನೂನುಗಳು ಬೆಂಗಳೂರಿನಿಂದ ನಮಗೆ ಹೊಸತೇನಲ್ಲ ಬಿಡಿ. ಎಪ್ರಿಲ್ ಮಧ್ಯಾಹ್ನ ನಮ್ಮ ಚಾವಡಿಯ ತೇವ 60ರ ಹೊಸ್ತಿಲಲ್ಲೇ ಅತ್ತಿತ್ತ ಆಡುತ್ತಿತ್ತು. 61 ಎಂದ ಕೂಡಲೇ ಪ್ಲಗ್ಗು ಟಕ್, ಯಂತ್ರ ಶುರು. 59 ಎಂದರೆ ಟಕ್, ಬಂದ್. ಊಟದ ನಂತರ ಕಣ್ಣು ಮುಚ್ಚುವಂತಿಲ್ಲ. ಫೋನ್ ಮಾಡಿದರೆ ಮಗ, ಆನ್ ಆಗುವ ಅಂಕಕ್ಕೂ ಆಫ್ ಆಗುವ ಅಂಕಕ್ಕೂ ನಡುವೆ ಒಂದಿಷ್ಟು ಅಂತರ ಇರಬೇಕಿತ್ತು ಎಂದು ಹೇಳಿ, ಅಲ್ಲಿಂದಲೇ 70ಕ್ಕೆ ಆನ್, 65ಕ್ಕೆ ಆಫ್ ಎಂದು ತಿದ್ದಿದ. ಟಕ್‌ಟಕ್ ನಿಂತಿತು.

ಜೂನ್ ಬಂತು.

ಬಚ್ಚಲಿನ ಫ್ಯಾನಿಗೆ ಮಗ ಕೊಟ್ಟ ಅಪ್ಪಣೆ: ತೇವ 75 ದಾಟಿದರೆ ಯಾರೋ ಬಿಸಿನೀರು ಸ್ನಾನ ಮಾಡುತ್ತಿದ್ದಾರೆ ಎಂದು ತಿಳಿ, ತಿರುಗು. ಮೊದಲ ಮಳೆಯ ದಿನ ಫ್ಯಾನು ತಿರುಗಲು ಶುರುಮಾಡಿದ್ದು ನಿಲ್ಲಲೇ ಇಲ್ಲ. ಅದರ ಲೆಕ್ಕದಲ್ಲಿ ಮಂಗಳೂರೆಂಬ ಮಂಗಳೂರೇ ಸ್ನಾನಕ್ಕಿಳಿದಿತ್ತು. ತಪ್ಪು ಎನ್ನುವ ಹಾಗೂ ಇರಲಿಲ್ಲ. ಬಚ್ಚಲಿನ ತೇವ ಎಷ್ಟು ಎಂದು ನೋಡಬಾರದು, ಚಾವಡಿಗಿಂತ ಎಷ್ಟು ಜಾಸ್ತಿ ಎಂದು ನೋಡಬೇಕು ಎಂದು ಮಗನಿಗೆ ಹೊಳೆದದ್ದು ಕರೆಂಟ್ ಬಿಲ್ಲಿನ ಫೋಟೊ ಕಳಿಸಿದ ಮೇಲೆ. 10 ಅಂಕ ಜಾಸ್ತಿಯಿದ್ದರೆ ಮಾತ್ರ ಸ್ನಾನ, ಇಲ್ಲದಿದ್ದರೆ ಬರೀ ಮಳೆಗಾಲ. ಇದು ನಿಜಕ್ಕೂ ಒಳ್ಳೆಯ ಉಪಾಯ; ಕರಾವಳಿಯಲ್ಲಿ ಇಂಥ ಫ್ಯಾನು ಹಾಕಿಸುವವರು ಬರೆದಿಟ್ಟುಕೊಳ್ಳಬೇಕು. ಆದರೆ ಉಪಾಯ ಚಂದವಾಗಿ ನಡೆಯುತ್ತಿದ್ದಾಗ ಚಾವಡಿಯ ಸೆನ್ಸರಿನ ಬಿಲ್ಲೆ ಸೆಲ್ಲು ಮುಗಿಯಿತು. ಉತ್ತರ ಬಾರದ್ದನ್ನು ಆ ಸಣ್ಣ ಪೆಟ್ಟಿಗೆ ಸೊನ್ನೆ ಎಂದು ಬರೆದುಕೊಂಡಿತು. ಚಾವಡಿ ಸೊನ್ನೆ, ಬಚ್ಚಲು 91. ಫ್ಯಾನು ಮತ್ತೆ ಹಗಲಿರುಳು.

ರಾತ್ರಿಯ ಪಾಡು ಬೇರೆ. ಗಾಳಿಮಳೆಗೆ ಕರೆಂಟು ಹೋಗಿ ಬಂದರೆ ವೈಫೈ ಬಲ್ಬುಗಳಿಗೆ ತಾವು ಮೊದಲು ಆರಿದ್ದವೋ ಉರಿಯುತ್ತಿದ್ದವೋ ಎಂಬ ನೆನಪಿರುವುದಿಲ್ಲ. ಕಂಪೆನಿಯಿಂದ ಬರುವಾಗಲೇ ‘ಕರೆಂಟು ಬಂದರೆ ಉರಿ’ ಎಂದು ಹೇಳಿಸಿಕೊಂಡು ಬಂದಿರುತ್ತವೆ. ನಡುರಾತ್ರಿ ಎರಡು ಗಂಟೆಗೆ ಇಡೀ ಕಟ್ಟಡ ಕತ್ತಲಲ್ಲಿ ಮಲಗಿರುವಾಗ ನಮ್ಮ ಮನೆಯೊಂದೇ ದೀಪಾವಳಿ. ಎದುರು ಫ್ಲ್ಯಾಟಿನ ಬಾಯಮ್ಮ ಬಾಗಿಲು ಬಡಿದು, “ಎಂಥ ಆಯ್ತು ಮಾರಾಯ್ರೆ? ಯಾರಿಗೆ ಹುಷಾರಿಲ್ಲ? ರಿಕ್ಷಾ ಕರಿಬೇಕಾ?” ಎಂದರು. ನಾನು ಬಲ್ಬಿನ ವಿಷಯ ವಿವರಿಸಿದೆ. ಅವರು ನಂಬಲಿಲ್ಲ. ಮರುದಿನ ನನಗೆಂದು ಗಂಜಿ, ಉಪ್ಪಿನಕಾಯಿ ಬಂತು.

ಎಲ್ಲಕ್ಕಿಂತ ತಲೆ ತಿಂದದ್ದು ನೀರು ಹಿಂಡುವ ಯಂತ್ರ. ಅದರೊಳಗೆ ಇರುವುದು ಹೆಚ್ಚುಕಡಿಮೆ ಫ್ರಿಜ್ಜಿನ ಸಾಮಾನೇ. ತಣ್ಣಗಿನ ಸುರುಳಿಯ ಮೇಲೆ ಗಾಳಿ ಹಾಯಿಸಿದರೆ ಆವಿ ನೀರಾಗಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಗಾಳಿ ಸ್ವಲ್ಪ ಬೆಚ್ಚಗಾಗಿ ಹೊರಗೆ ಬರುತ್ತದೆ. ತೊಟ್ಟಿ ತುಂಬಿದರೆ ಕೀಂ ಎಂದು ಕೂಗಿ ನಿಲ್ಲುತ್ತದೆ. ಇಷ್ಟು ಚೊಕ್ಕ ನೀರನ್ನು ಚೆಲ್ಲುವುದುಂಟೇ ಎಂದು ಹೆಂಡತಿ ಅದರಿಂದಲೇ ನೆಲ ಒರೆಸತೊಡಗಿದಳು. ನೆಲದ ನೀರು ಗಾಳಿಗೆ, ಗಾಳಿಯ ನೀರು ಯಂತ್ರಕ್ಕೆ, ಯಂತ್ರದ ನೀರು ಬಕೆಟಿಗೆ. ಒಂದೇ ಬಕೆಟ್ ನೀರು ವಾರಗಟ್ಟಲೆ ನಮ್ಮ ಚಾವಡಿಯಲ್ಲಿ ಪ್ರದಕ್ಷಿಣೆ ಹಾಕಿತೆಂದು ನನ್ನ ಗುಮಾನಿ.

ಅದಿರಲಿ. ಈ ಯಂತ್ರಕ್ಕೆ ಒಂದು ವಿಚಿತ್ರ ಚಾಳಿ ಇತ್ತು. ಸಂಜೆ ಏಳಕ್ಕೆ ಹೆಂಡತಿ ಧಾರಾವಾಹಿ ಹಾಕಿ ಕುಳಿತರೆ ಸ್ವಲ್ಪ ಹೊತ್ತಿಗೆ ಅದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹತ್ತಕ್ಕೆ ಕೊನೆಯ ಧಾರಾವಾಹಿ ಮುಗಿದು ಟಿವಿ ಆರಿಸಿ ನಾವು ಮಲಗಿದೆವೋ, ಗುರ್ ಎಂದು ಎದ್ದು ಕೂರುತ್ತಿತ್ತು. “ಪಾಪ, ಅದಕ್ಕೂ ನೋಡಬೇಕು ಅಂತ ಉಂಟು” ಎಂದಳು ಹೆಂಡತಿ. ವೈಟ್‌ಫೀಲ್ಡಿನವ ಅದೇನೋ ಲಾಗು ನೋಡಿ, ಗ್ರಾಫು ನೋಡಿ, ಸಾಫ್ಟ್‌ವೇರ್ ಹೊಸತು ಮಾಡಿ, ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿ ಎಂದು ನನ್ನನ್ನು ಟಿವಿಯ ಹಿಂದೆ ಬಗ್ಗಿಸಿ, ಕೊನೆಗೆ ಯಂತ್ರವೇ ಹಾಳು ಎಂದು ತೀರ್ಪು ಕೊಟ್ಟ. ನಾನು ಹಂಪನಕಟ್ಟೆಯಿಂದ ಎಲೆಕ್ಟ್ರಿಶಿಯನನ್ನು ಕರೆಸಿದೆ. ಆತ ಯಂತ್ರದ ಬೆನ್ನು ಬಿಚ್ಚಿ, ಮುಚ್ಚಿ, ಚಾ ಕುಡಿದು ಹೇಳಿದ: “ಸರ್, ಇದಕ್ಕೆ ಎಂಥದೂ ಆಗಲಿಲ್ಲ. ಹೇಳಿದ ಹಾಗೆ ಕೇಳ್ತದೆ. ಇದಕ್ಕೆ ಹೇಳಿಕೊಡುವವರು ಯಾರು, ಅವರನ್ನು ನೋಡಿ.”

ಹೇಳಿಕೊಡುವವ ಸೆಟ್‌ಟಾಪ್ ಬಾಕ್ಸಿನ ಮೇಲೆ ಕುಳಿತಿದ್ದ.

ಅಂದವಾಗಿ ಕಾಣುತ್ತದೆಂದು ಮಗ ಚಾವಡಿಯ ಸೆನ್ಸರನ್ನು ಅಲ್ಲಿಟ್ಟಿದ್ದ. ಟಿವಿ ಹಾಕಿದರೆ ಬಾಕ್ಸು ಬಿಸಿಯಾಗುತ್ತದೆ, ಅದರ ಮೇಲಿನ ಒಂದು ಹಿಡಿ ಗಾಳಿಯೂ ಬಿಸಿಯಾಗುತ್ತದೆ. ಸೆನ್ಸರು ಹೇಳುವ ಶೇಕಡಾ 90 ಎಂದರೆ, ಅಷ್ಟು ಬಿಸಿಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿಯಲ್ಲಿ ನೂರಕ್ಕೆ 90 ಪಾಲು ಆಗಲೇ ಅದರ ಹೊಟ್ಟೆಯಲ್ಲಿದೆ ಎಂದು. ಬಿಸಿ ಏರಿದರೆ ಹೊಟ್ಟೆ ಹಿಗ್ಗುತ್ತದೆ. 27 ಡಿಗ್ರಿಯಲ್ಲಿ 90 ಇರುವ ಗಾಳಿಯನ್ನು 33ಕ್ಕೆ ಕಾಯಿಸಿದರೆ, ಒಂದು ತೊಟ್ಟು ನೀರೂ ಆಚೆ ಹೋಗದೆ ಅಂಕ 64ಕ್ಕೆ ಇಳಿಯುತ್ತದೆ. ಆ ಒಂದು ಹಿಡಿ ಗಾಳಿ ನೋಡಿ ಸೆನ್ಸರು ಮನೆಯಿಡೀ ಒಣಗಿತು ಎಂದು ಸಾರುತ್ತಿತ್ತು. ಟಿವಿ ಆರಿ ಬಾಕ್ಸು ತಣಿದ ಮೇಲೆ ಅದಕ್ಕೆ ಜ್ಞಾನೋದಯ.

ಕಾರಣ ತಿಳಿದದ್ದೇ ಹೆಂಡತಿ ಸೆನ್ಸರನ್ನು ಎತ್ತಿ ಶೋಕೇಸಿಗೆ ದಾಟಿಸಿ, ಖಾಲಿಯಾದ ಆ ಬೆಚ್ಚಗಿನ ಜಾಗದಲ್ಲಿ ಹಲಸಿನ ಹಪ್ಪಳದ ಡಬ್ಬ ಇಟ್ಟಳು. ಬಾಕ್ಸಿನ ಗಾಳಿಕಿಂಡಿ ಮುಚ್ಚುತ್ತದೆ ಎಂದು ಮಗ ಬೊಬ್ಬೆ ಹಾಕಿದ. ಡಬ್ಬ ಒಂದಿಂಚು ಸರಿಯಿತು, ಅಷ್ಟೇ. ನನಗಂತೂ ಅವಳು ಮಾಡಿದ್ದು ಸರಿ ಎಂದೇ ಕಾಣುತ್ತದೆ. ಪುತ್ತೂರು ಕಡೆಯ ನಮ್ಮ ಹಳೆ ಮನೆಯಲ್ಲಿ ಒಲೆಯ ಮೇಲಿನ ಅಟ್ಟ ಮಾಡುತ್ತಿದ್ದುದೂ ಇದನ್ನೇ. ಅಡಕೆ, ಕೊಬ್ಬರಿ, ಒಣಮೆಣಸು ಎಲ್ಲ ಅಲ್ಲಿ. ಬೆಂಕಿಪೆಟ್ಟಿಗೆ ಒಲೆಯ ಪಕ್ಕದ ಗೂಡಿನಲ್ಲಿ. ಇಡೀ ಮನೆ ಒಣಗಿಸುವ ಹುಚ್ಚು ಯಾರಿಗೂ ಇರಲಿಲ್ಲ. ಒಣಗಿರಬೇಕಾದ್ದನ್ನು ಬೆಚ್ಚಗಿಟ್ಟು, ಉಳಿದದ್ದನ್ನು ತುಳುವರ ಆಟಿ ತಿಂಗಳು ಮುಗಿಯುವವರೆಗೆ ಮಳೆಗೆ ಬಿಟ್ಟುಬಿಡುತ್ತಿದ್ದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೆಸರು ಪಡೆದ ಮಂಗಳೂರು ಹಂಚಿನ ಮಾಡಾದರೆ ಸಂದಿಯಲ್ಲಿ ಗಾಳಿಯಾದರೂ ಆಡುತ್ತಿತ್ತು. ಈಗ ಕಾಂಕ್ರೀಟಿನ ಡಬ್ಬದೊಳಗೆ ಚಂಡಿ ಬಟ್ಟೆ ಹರವಿ, ಕಿಟಕಿ ಹಾಕಿದರೆ ಅದರ ನೀರು ಒಳಗೇ ಉಳಿಯುತ್ತದೆ. ತೆರೆದರೆ ಯಂತ್ರ ಪಣಂಬೂರಿನಿಂದ ಉಳ್ಳಾಲದವರೆಗಿನ ಗಾಳಿಯನ್ನು ಹಿಂಡಬೇಕು. ಪಟ್ಟೆಸೀರೆ, ಆಲ್ಬಮ್ಮು, ಮಾರ್ಕ್ಸ್ ಕಾರ್ಡುಗಳಿರುವ ಒಂದು ಕೋಣೆಯನ್ನು ಬಾಗಿಲು ಹಾಕಿ ಒಣಗಿಸಿದರೆ ಸಾಕು ಎಂಬುದು ನನ್ನ ವಾದ. ಯಂತ್ರವನ್ನು ಅಲ್ಲಿಗೇ ಸಾಗಿಸಿದೆ.

ಚಾವಡಿಯ ಸೆನ್ಸರಿಗೆ ಇನ್ನು ಯಾರನ್ನೂ ಆಳುವ ಕೆಲಸವಿರಲಿಲ್ಲ, ಬಚ್ಚಲಿನ ಫ್ಯಾನಿಗೆ ಲೆಕ್ಕ ಕೊಡುವುದನ್ನು ಬಿಟ್ಟರೆ. ಆದರೂ ಆಟಿ ತಿಂಗಳಲ್ಲಿ ಅದು 93, 94 ಎಂದು ಹೇಳತೊಡಗಿದಾಗ ಮಗನಿಗೆ ಸಂಶಯ ಬಂತು. 1783ರಲ್ಲಿ ಜಿನೀವಾದ ಸೊಸೂರ್ ಎಂಬ ವಿಜ್ಞಾನಿ ಮನುಷ್ಯನ ತಲೆಗೂದಲು ತೇವಕ್ಕೆ ಉದ್ದವಾಗುವುದನ್ನು ಕಂಡು ಅದರಿಂದಲೇ ತೇವಮಾಪಕ ಮಾಡಿದ್ದನಂತೆ. ಈಗಿನ ಸೆನ್ಸರಿನಲ್ಲಿ ಕೂದಲಿನ ಬದಲು ಒಂದು ತೆಳು ಪ್ಲಾಸ್ಟಿಕ್ ಪೊರೆ. ಅದು ತೇವ ಹೀರಿದಷ್ಟೂ ವಿದ್ಯುತ್ ಹಿಡಿದಿಡುವ ಗುಣ ಬದಲಾಗುತ್ತದೆ, ಚಿಪ್ಪು ಅದನ್ನು ಅಂಕ ಮಾಡಿ ಹೇಳುತ್ತದೆ. ತಮಾಷೆಯೆಂದರೆ, ಇಂಥ ಹಲವು ಸೆನ್ಸರುಗಳ ಕೈಪಿಡಿಯಲ್ಲಿ 80ರ ಮೇಲಿನ ತೇವದಲ್ಲಿ ಹೆಚ್ಚು ಕಾಲ ಇಟ್ಟರೆ ಅಂಕ ತಾತ್ಕಾಲಿಕವಾಗಿ ಮೇಲಕ್ಕೆ ಸರಿಯಬಹುದು ಎಂದು ಬರೆದಿರುತ್ತದೆ. ಅಂದರೆ ಥಂಡಿ ಅಳೆಯಲು ಬಂದದ್ದಕ್ಕೇ ಥಂಡಿ. ಮದ್ದೂ ಅದರಲ್ಲೇ ಉಂಟು: 100 ಡಿಗ್ರಿಯ ಒಣ ಬಿಸಿಯಲ್ಲಿ ಹತ್ತು ಗಂಟೆ ಬೇಯಿಸಿ. ಆಟಿ ಅಮಾವಾಸ್ಯೆಗೆ ನಮಗೆ ಪಾಲೆ ಮರದ ಕಷಾಯ, ಅದಕ್ಕೆ ಒಲೆ. ಆದರೆ ಇದು ಬರೀ ಚಿಪ್ಪಿಗೆ ಹೇಳಿದ್ದು. ಸೆಲ್ಲು, ಪ್ಲಾಸ್ಟಿಕ್ ಕವಚ ಸಮೇತ ಬೇಯಿಸಿದರೆ ಸೆನ್ಸರಿನ ಜೊತೆ ಅಡುಗೆಮನೆಯೂ ಹೋಗುತ್ತದೆ.

“ಉಪ್ಪಿನ ಪರೀಕ್ಷೆ ಮಾಡುವ, ಅಪ್ಪ” ಎಂದ ಮಗ.

ಉಪ್ಪಿಗೆ ಒಂದು ನಿಯತ್ತುಂಟು. ಉಪ್ಪನ್ನು ಸ್ವಲ್ಪವೇ ನೀರಿನಲ್ಲಿ ಒದ್ದೆ ಮಾಡಿ ಗಾಳಿಯಾಡದ ಡಬ್ಬದಲ್ಲಿಟ್ಟರೆ, ಒಳಗಿನ ತೇವ ತಾನಾಗಿ 75ಕ್ಕೆ ಬಂದು ನಿಲ್ಲುತ್ತದೆ. ಮಂಗಳೂರಿನ ಬಿಸಿಗಾಗಲಿ ಬೆಂಗಳೂರಿನ ಚಳಿಗಾಗಲಿ ಅದು ಅಲುಗಾಡುವುದು ಒಂದು ಅಂಕದೊಳಗೆ. ಗಾಳಿಯ ತೇವ 75 ದಾಟಿದರೆ ಉಪ್ಪು ತಾನೇ ನೀರು ಬಿಡುವುದೂ ಈ ಲೆಕ್ಕದಿಂದಲೇ. ಹೆಂಡತಿ ಕಲ್ಲುಪ್ಪಿನ ಭರಣಿ ಎತ್ತಿಕೊಂಡು ಬಂದಳು. ಅದು ಬೇಡ, ಪುಡಿ ಉಪ್ಪು ಆಗಬೇಕು ಎಂದ ಮಗ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಅಂಶ ಸೇರಿಕೊಂಡಿರುತ್ತದೆ, ಅದು 75ರವರೆಗೆ ಕಾಯದೆ ಬಹಳ ಮೊದಲೇ ಅಳಲು ಶುರುಮಾಡುತ್ತದೆ.

“ನಾನು ಭರಣಿ ನೋಡಿಯೇ ಬಟ್ಟೆ ಒಗೆಯಬೇಕಾ ಬೇಡವಾ ಹೇಳ್ತೇನೆ. ಅದಕ್ಕೆ ಸೆಲ್ಲೂ ಬೇಡ” ಎಂದಳು ಅವಳು, ಆದರೂ ಪುಡಿ ಉಪ್ಪಿನ ಪ್ಯಾಕೆಟ್ ಕೊಟ್ಟಳು.

ಬಾಟಲಿಯ ಮುಚ್ಚಳವೊಂದರಲ್ಲಿ ಒಂದು ಚಮಚ ಉಪ್ಪು, ಅದು ತಣ್ಣೀರುಬಾವಿಯ ಹೊಯ್ಗೆಯಂತೆ ಆಗುವಷ್ಟು ನೀರು, ಕರಗುವಷ್ಟು ಅಲ್ಲ. ಮುಚ್ಚಳವನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಊಟದ ಮೇಜಿನ ಮೇಲೆ ಬಿಟ್ಟೆ. ಬೆಳಗ್ಗೆ ಮೊಬೈಲಿನಲ್ಲಿ ನೋಡಿದರೆ 79. ನಾಲ್ಕು ಅಂಕ ಸುಳ್ಳು. ಬೆಂಗಳೂರಿನವ ಕೂತಲ್ಲೇ ಸೆನ್ಸರಿನ ಹೆಸರಿನ ಎದುರು ಮೈನಸ್ 4 ಎಂದು ಒತ್ತಿದ. ಚೀಲದಿಂದ ಹೊರಗೆ ತೆಗೆದು ಶೋಕೇಸಿನಲ್ಲಿಟ್ಟರೆ, ಹಿಂದಿನ ದಿನ 94 ಎನ್ನುತ್ತಿದ್ದ ಚಾವಡಿ ಈಗ 90.

“ಚಾವಡಿಯ ತೇವ ನಾಲ್ಕು ಅಂಕ ಇಳಿಯಿತು” ಎಂದು ಅಡುಗೆಮನೆಯತ್ತ ಕೂಗಿದೆ.

“ಯಂತ್ರ ಆ ಕೋಣೆಯಲ್ಲಿ ಉಂಟಲ್ಲ, ಇಳಿಸಿದ್ದು ಯಾರು?”

“ಮಗ. ಬೆಂಗಳೂರಿನಲ್ಲಿ ಕೂತು ಒಂದು ಬಟನ್ ಒತ್ತಿದ.”

ಅವಳು ಕೈಯೊರೆಸಿಕೊಂಡು ಹೊರಗೆ ಬಂದು, ಹಗ್ಗದ ಮೇಲಿನ ಸೀರೆಯ ಸೆರಗನ್ನು ಹಿಂಡಿ ನೋಡಿದಳು. “ಅಷ್ಟು ಸುಲಭ ಇದ್ದರೆ ಇನ್ನೊಂದು 20 ಇಳಿಸಲಿಕ್ಕೆ ಹೇಳಿ ಅವನಿಗೆ. ನಾಡಿದ್ದು ಕದ್ರಿಯಲ್ಲಿ ಸೀಮಂತ ಉಂಟು, ನನಗೆ ಇದೇ ಉಡಬೇಕು.”