ದೊರೆಯ ತಲೆ ತಿರುಗಿದರೆ: ಒಂದು ತಜ್ಞ ವರದಿ

ನಾಯಕನ ತಲೆ ತಿರುಗಿದಾಗ ಸುತ್ತಲಿರುವ ಜವಾಬ್ದಾರಿಯುತ ಅಧಿಕಾರಿಗಳು ಅವನನ್ನು ತಡೆದು ನಿಲ್ಲಿಸಬಲ್ಲರೇ ಎಂಬ ಪ್ರಶ್ನೆ ಈಚೆಗೆ ಲೋಕದ ದೊಡ್ಡ ದೊಡ್ಡ ರಾಜಧಾನಿಗಳಲ್ಲಿ ಎದ್ದಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಎದ್ದಿಲ್ಲ. ಇಲ್ಲಿಯವರು ಅದಕ್ಕೆ ಎಂದೋ ಉತ್ತರ ಕಂಡುಕೊಂಡು ಅಡಿಕೆ ಒಣಗಿಸಲು ಹೋಗಿದ್ದಾರೆ. ಆ ಉತ್ತರವನ್ನು ಕ್ರಮಬದ್ಧವಾಗಿ ದಾಖಲಿಸುವುದು ಈ ವರದಿಯ ಉದ್ದೇಶ. ವರದಿಕಾರನ ಅರ್ಹತೆ ಏನು ಎಂದು ಕೇಳಬಹುದು. ನನ್ನನ್ನು ಯಾರೂ ತಜ್ಞ ಎಂದು ಕರೆದಿಲ್ಲ. ಟಿವಿಯಲ್ಲಿ ಕೂರುವವರನ್ನು ಯಾರು ಕರೆದರು ಎಂಬುದೂ ಗೊತ್ತಿಲ್ಲದ ಕಾರಣ ನಾನೂ ಕೂತಿದ್ದೇನೆ.

ಮೊದಲು ಮಾನದಂಡ. ದೊರೆ ನಿಂತನೋ ಇಲ್ಲವೋ ಎಂಬುದನ್ನು ಅಳತೆಗೋಲು ಮಾಡುವಂತಿಲ್ಲ. ನಿಂತ ದೊರೆಗಳು ತೀರ ಅಪರೂಪ, ಅಷ್ಟು ಕಡಿಮೆ ಉದಾಹರಣೆಯಿಂದ ಶಾಸ್ತ್ರ ಕಟ್ಟಲಾಗದು. ಆದ್ದರಿಂದ ಆಡಳಿತ ವಲಯದಲ್ಲಿ ಚಾಲ್ತಿಯಲ್ಲಿರುವ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. ಗದ್ದಲವೆಲ್ಲ ಮುಗಿದ ಮೇಲೆ ಅಧಿಕಾರಿ ಕುರ್ಚಿಯಲ್ಲಿ ಉಳಿದಿದ್ದರೆ ಯಶಸ್ಸು, ಇಲ್ಲದಿದ್ದರೆ ವೈಫಲ್ಯ.

ಎತ್ತಿಡುವ ವಿಧಾನ

ಅಮೆರಿಕದವರು ಈ ವಿದ್ಯೆಗೆ ಹೊಸಬರು. ಅವರ ಸಂವಿಧಾನಕ್ಕೆ 1967ರಲ್ಲಿ ಸೇರಿದ 25ನೇ ತಿದ್ದುಪಡಿಯ ಪ್ರಕಾರ, ಉಪಾಧ್ಯಕ್ಷರೂ ಸಂಪುಟದ ಬಹುಮತವೂ ಸೇರಿ ‘ಅಧ್ಯಕ್ಷರ ಕೈಲಿ ಈ ಕೆಲಸ ಆಗದು’ ಎಂದು ಬರೆದುಕೊಟ್ಟರೆ ಅಧಿಕಾರ ಉಪಾಧ್ಯಕ್ಷರಿಗೆ ಹೋಗುತ್ತದೆ. ಈ ತನಕ ಒಮ್ಮೆಯೂ ಯಾರೂ ಬರೆದುಕೊಟ್ಟಿಲ್ಲ. ಬದಲಿಗೆ ಅವರು ಕಂಡುಕೊಂಡ ಉಪಾಯವನ್ನು ಪತ್ರಕರ್ತ ಬಾಬ್ ವುಡ್‌ವರ್ಡ್ 2018ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ದಕ್ಷಿಣ ಕೊರಿಯಾದ ಜತೆಗಿನ ವ್ಯಾಪಾರ ಒಪ್ಪಂದವನ್ನು ಮುರಿಯುವ ಪತ್ರ ಟ್ರಂಪ್ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಆರ್ಥಿಕ ಸಲಹೆಗಾರ ಗ್ಯಾರಿ ಕೋನ್ ಅದನ್ನು ಮೆಲ್ಲಗೆ ಎತ್ತಿಟ್ಟರು. ಕಾಗದ ಹೋದದ್ದು ಅಧ್ಯಕ್ಷರಿಗೆ ಗೊತ್ತೇ ಆಗಲಿಲ್ಲವಂತೆ. ನಮ್ಮ ಕಡೆ ಮೇಜಿನ ಮೇಲಿನ ಕಾಗದ ಕಾಣೆಯಾದರೆ ಯಾರೂ ಪುಸ್ತಕ ಬರೆಯುವುದಿಲ್ಲ. ಸಿಕ್ಕಿದರೆ ಬರೆದಾರು.

ಎತ್ತಿಡುವುದರಲ್ಲಿ ನಮ್ಮ ಹಿರಿಯರು ಯಾವ ಮಟ್ಟ ಮುಟ್ಟಿದ್ದರು ಎಂಬುದಕ್ಕೆ ಬೆಳ್ತಂಗಡಿ ತಾಲೂಕಿನ ವೇಣೂರೇ ಸಾಕ್ಷಿ. ಕಾರ್ಕಳದಲ್ಲಿ 1432ರಲ್ಲಿ 42 ಅಡಿಯ ಗೊಮ್ಮಟ ನಿಂತಾಗಿತ್ತು. 1604ರಲ್ಲಿ ವೇಣೂರಿನ ತಿಮ್ಮಣ್ಣ ಅಜಿಲರು 35 ಅಡಿಯದೊಂದನ್ನು ನಿಲ್ಲಿಸಹೊರಟರು. ತನ್ನೂರಿನ ಮೂರ್ತಿಗಿಂತ ಏಳು ಅಡಿ ಗಿಡ್ಡದ ಮೂರ್ತಿಯಿಂದ ತನ್ನೂರಿನ ಕೀರ್ತಿಗೆ ಕುಂದು ಬರುತ್ತದೆ ಎಂದು ಕಾರ್ಕಳದ ಭೈರರಸ ಅದನ್ನು ತನಗೆ ಒಪ್ಪಿಸಬೇಕೆಂದು ದಂಡೆತ್ತಿ ಬಂದನೆಂಬುದು ಐತಿಹ್ಯ. ಅಜಿಲರು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಯುದ್ಧ ಮುಗಿಸಿ, ಮತ್ತೆ ತೆಗೆದು ನಿಲ್ಲಿಸಿದರಂತೆ. ಕೋನ್ ಎತ್ತಿಟ್ಟದ್ದು ಒಂದು ಹಾಳೆ. ವೇಣೂರಿನವರು ಎತ್ತಿಟ್ಟದ್ದು ಏಕಶಿಲೆ. ಈಗ ಅದೇ ಕೆಲಸಕ್ಕೆ ಹೊರಟರೆ ನದಿಯಲ್ಲಿ ಅಷ್ಟು ಮರಳು ಸಿಕ್ಕೀತೆಂದು ಹೇಳಲಾರೆ.

ಇಲ್ಲಿ ಭೈರರಸನ ಸ್ವಂತ ಮಂತ್ರಿಗಳು ಏನು ಮಾಡಿದರು? ಐತಿಹ್ಯದಲ್ಲಿ ಅವರು ಇಲ್ಲವೇ ಇಲ್ಲ. ಅಂದರೆ ಕುರ್ಚಿಯಲ್ಲಿ ಉಳಿದಿರಬೇಕು. ಯಶಸ್ಸು.

ಆಟದ ಮಂತ್ರಿಗಳು

ಶಾಸ್ತ್ರಭಾಗಕ್ಕೆ ಬಂದರೆ, ಈ ಮೂರು ತಾಲೂಕುಗಳ ಜನ ರಾಜ್ಯಶಾಸ್ತ್ರ ಕಲಿತದ್ದು ಕಾಲೇಜಿನಲ್ಲಲ್ಲ, ಗದ್ದೆಯಲ್ಲಿ ಚಾಪೆ ಹಾಸಿಕೊಂಡು. ರಾತ್ರಿ ಇಡೀ ಯಕ್ಷಗಾನದ ಆಟ ನೋಡಿದವನಿಗೆ ಜವಾಬ್ದಾರಿಯುತ ಅಧಿಕಾರಿಗಳಲ್ಲಿ ಮೂರು ಬಗೆ ಎಂಬುದು ಬೆಳಗಾಗುವ ಮೊದಲೇ ಸ್ಪಷ್ಟವಾಗುತ್ತದೆ.

ಒಂದನೆಯದು ವಿದುರ ವರ್ಗ. ಹೇಳಬೇಕಾದ್ದನ್ನು ಹೇಳಬೇಕಾದ ಸಭೆಯಲ್ಲೇ ಹೇಳುತ್ತದೆ. ‘ಕೃಷ್ಣ ಸಂಧಾನ’ ಪ್ರಸಂಗದಲ್ಲಿ ಕೌರವನಿಂದ ಬೈಸಿಕೊಂಡು ಬಿಲ್ಲು ಮುರಿದು ಹೊರಡುತ್ತದೆ. ಈಗಿನ ಭಾಷೆಯಲ್ಲಿ ಇದು ಸ್ವಯಂ ನಿವೃತ್ತಿ. ಯುದ್ಧ ನಿಲ್ಲಲಿಲ್ಲ, ಬಿಲ್ಲೂ ಹೋಯಿತು. ವೈಫಲ್ಯ.

ಎರಡನೆಯದು ಭೀಷ್ಮ ವರ್ಗ. ಎಲ್ಲವೂ ಗೊತ್ತು, ಎಲ್ಲವೂ ತಪ್ಪೆಂದೂ ಗೊತ್ತು. ಆದರೆ ಉಪ್ಪಿನ ಋಣ. ತುಂಬಿದ ಸಭೆಯಲ್ಲಿ ಸೀರೆ ಸೆಳೆಯುವಾಗ ಈ ವರ್ಗ ಧರ್ಮ ಬಹಳ ಸೂಕ್ಷ್ಮ ಎಂದು ಟಿಪ್ಪಣಿ ಬರೆಯಿತು. ‘ಪರಿಶೀಲಿಸಿದೆ, ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂಬ ಷರಾದ ಮೂಲ ಇಲ್ಲಿದೆ ಎಂಬುದು ನನ್ನ ಊಹೆ. ಮುಂದೆ ಸೇನಾಧಿಪತಿಯ ಹುದ್ದೆಯೇ ಸಿಕ್ಕಿತು. ಯಶಸ್ಸು.

ಮೂರನೆಯದು ವಿಭೀಷಣ ವರ್ಗ. ಅಣ್ಣನಿಗೆ ನೀತಿ ಹೇಳಿ, ಅವನು ಒದ್ದು ಓಡಿಸಿದಾಗ ಎದುರು ಪಾಳೆಯಕ್ಕೆ ಹೋಗಿ ಒಳಗಿನ ಗುಟ್ಟೆಲ್ಲ ಒಪ್ಪಿಸಿದ ವರ್ಗ. ಯುದ್ಧಕ್ಕೆ ಮೊದಲೇ, ಸೇತುವೆ ಕಟ್ಟುವುದಕ್ಕೂ ಮೊದಲೇ, ಕಡಲ ದಡದಲ್ಲೇ ಇವನಿಗೆ ಲಂಕೆಯ ಪಟ್ಟಾಭಿಷೇಕವಾಯಿತು. ಹುದ್ದೆ ಖಾಲಿಯಾಗುವ ಮುಂಚೆಯೇ ಬಡ್ತಿಯ ಆದೇಶ ಪಡೆದ ಅಧಿಕಾರಿ ಮತ್ತೊಬ್ಬನಿಲ್ಲ. ಅಪೂರ್ವ ಯಶಸ್ಸು.

ಇನ್ನು ರಾವಣನ ಒಡ್ಡೋಲಗದಲ್ಲಿ ಪಕ್ಕದಲ್ಲಿ ನಿಲ್ಲುವ ಸಾಮಾನ್ಯ ಮಂತ್ರಿಯನ್ನು ಹತ್ತಿರದಿಂದ ನೋಡಿ. ಹೆಚ್ಚಾಗಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ. ಕಿರೀಟ ಹಣೆಗೆ ಜಾರುತ್ತಿರುತ್ತದೆ, ಒಂದು ಕೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಇರುತ್ತದೆ. ರಾವಣ ಹತ್ತು ನಿಮಿಷ ಆರ್ಭಟಿಸಿ ‘ಏನಂತೀಯಾ?’ ಎಂದರೆ ಹುಡುಗನ ಪಾಲಿನ ಅರ್ಥ ಎರಡೇ ಶಬ್ದ: ‘ಅಪ್ಪಣೆ ಪ್ರಭು.’ ನಿಜವಾಗಿ ರಾವಣನ ಮಾತನ್ನು ನಿಲ್ಲಿಸಬಲ್ಲವರು ರಂಗದಲ್ಲಿ ಒಬ್ಬರೇ. ಹಿಂದೆ ಕೂತ ಭಾಗವತರು ಜಾಗಟೆ ಬಡಿದು ಮುಂದಿನ ಪದ ಎತ್ತಿದರೆ ಹತ್ತು ತಲೆಯವನೂ ಬಾಯಿ ಮುಚ್ಚಿ ಕುಣಿಯಬೇಕು. ಭಾಗವತರು ರಾವಣನ ಸಂಬಳದಲ್ಲಿ ಇಲ್ಲ. ಈ ಅಂಶವನ್ನು ಓದುಗರು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಪ್ರಯೋಗ: ಕೊಡಗು, 1834

ವಿಭೀಷಣ ವರ್ಗದ ಚಾರಿತ್ರಿಕ ಪ್ರಯೋಗ ನಡೆದದ್ದು ಘಟ್ಟದ ಮೇಲೆ. ಪರಿಣಾಮ ಇಳಿದದ್ದು ಬಂಟ್ವಾಳಕ್ಕೆ. ಕೊಡಗಿನ ಚಿಕ್ಕವೀರರಾಜ 1820ರಿಂದ ಆಳಿದ. ಮಾಸ್ತಿಯವರ ಕಾದಂಬರಿಯಿಂದಾಗಿ ಅವನ ತಲೆ ಹೇಗೆ ತಿರುಗಿತ್ತು ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಒಡಹುಟ್ಟಿದ ತಂಗಿಯೇ ಗಂಡನ ಜತೆ ಮೈಸೂರು ಸೀಮೆಗೆ ಓಡಿ ಈಸ್ಟ್ ಇಂಡಿಯಾ ಕಂಪನಿಯ ಮರೆಹೊಕ್ಕಳು. ದಿವಾನ ಅಪ್ಪಾರಂಡ ಬೋಪು ಬಹುಕಾಲ ಭೀಷ್ಮ ವರ್ಗದಲ್ಲಿದ್ದು, 1834ರ ಏಪ್ರಿಲ್‌ನಲ್ಲಿ ಕಂಪನಿಯ ದಂಡು ಬಂದಾಗ ವಿಭೀಷಣ ವರ್ಗಕ್ಕೆ ಬಡ್ತಿ ಪಡೆದು ಅದನ್ನು ಮಡಿಕೇರಿಗೆ ಕರೆತಂದ. ಅರಸು ಕಾಶಿಗೆ ಗಡಿಪಾರಾದ. ಆಮೇಲೆ ಇಂಗ್ಲೆಂಡಿಗೆ ಹೋಗಿ ಕಂಪನಿಯ ಮೇಲೆ ದುಡ್ಡಿನ ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಬೋಪುವೂ ಇನ್ನೊಬ್ಬ ದಿವಾನ ಚೆಪ್ಪುಡಿರ ಪೊನ್ನಪ್ಪನೂ ಹೊಸ ಸರಕಾರದಲ್ಲೂ ದಿವಾನರಾಗಿಯೇ ಮುಂದುವರಿದರು. ದೊರೆ ಬದಲಾದ, ಸಾಮ್ರಾಜ್ಯ ಬದಲಾಯಿತು, ಕುರ್ಚಿ ಬದಲಾಗಲಿಲ್ಲ. ಮಾನದಂಡದ ಪ್ರಕಾರ ಇದಕ್ಕಿಂತ ದೊಡ್ಡ ಯಶಸ್ಸು ನನಗೆ ಸಿಕ್ಕಿಲ್ಲ.

ಒಂದು ಸಣ್ಣ ಅಡ್ಡಪರಿಣಾಮವನ್ನು ನಮೂದಿಸಬೇಕು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿ, ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಭತ್ತ ಇದ್ದ ರೈತನ ಕೈಯಲ್ಲಿ ರೂಪಾಯಿ ಇರಲಿಲ್ಲ. ಮೂರು ವರ್ಷಕ್ಕೆ, 1837ರ ವಸಂತದಲ್ಲಿ, ಸುಳ್ಯದ ಕಡೆಯ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ಕೊಡಗಿನ ರಾಜವಂಶದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರೆತ್ತಿಕೊಂಡು ದಂಡು ಕಟ್ಟಿದರು. ಪುತ್ತೂರು ದಾಟಿ, ಬಂಟ್ವಾಳ ದಾಟಿ, ಮಂಗಳೂರಿಗೆ ಹೋಗಿ ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಕಂಪನಿಯ ಜವಾಬ್ದಾರಿಯುತ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೋದರು. ಎರಡು ವಾರದೊಳಗೆ ದಂಡು ತಂದು ಊರು ಹಿಡಿದು, ಆಮೇಲೆ ಮುಂದಾಳುಗಳನ್ನು ನೇಣಿಗೆ ಹಾಕಿದರು. ತಲೆ ತಿರುಗಿದ ಅರಸನನ್ನು ತೆಗೆಯಲು ತಲೆ ನೆಟ್ಟಗಿದ್ದ ಕಂಪನಿಯನ್ನು ಕರೆತಂದದ್ದರ ಲೆಕ್ಕ ಹೀಗೆ ಚುಕ್ತಾ ಆಯಿತು. ಆ ಲೆಕ್ಕದಲ್ಲಿ ದಿವಾನರ ಪಾಲು ಇಲ್ಲ.

ಪ್ರಯೋಗ: ದಿಲ್ಲಿ, 1973ರಿಂದ 1981

ಪ್ರಜಾಪ್ರಭುತ್ವದಲ್ಲಿ ಪರಿಸ್ಥಿತಿ ಬೇರೆ ಎನ್ನುವವರಿಗಾಗಿ ಕರಾವಳಿಯ ಇನ್ನೊಂದು ಪ್ರಕರಣ. ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು, 7–6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಸ್ವಾಮೀಜಿಗೆ ಜಮೀನು ಸಿಗಲಿಲ್ಲ. ಸ್ವತಃ ಭಾಗವತಿಕೆ ಮಾಡುತ್ತಿದ್ದ ಅವರಿಗೆ, ದೊರೆಯ ಮಾತಿನ ನಡುವೆ ಪದ ಎತ್ತಿದವರಿಗೆ ಸಂಭಾವನೆ ಖಾತ್ರಿಯಿಲ್ಲ ಎಂಬುದು ತಿಳಿದೇ ಇದ್ದಿರಬೇಕು.

ಆ ಏಳರಲ್ಲಿ ಒಬ್ಬರು ಕಾರ್ಕಳ ತಾಲೂಕು ಕೌಡೂರಿನ ಕೆ.ಎಸ್. ಹೆಗ್ಡೆ. ಮರುದಿನವೇ ಸರಕಾರ ಅವರನ್ನೂ ಅದೇ ಬಹುಮತದಲ್ಲಿದ್ದ ನ್ಯಾಯಮೂರ್ತಿಗಳಾದ ಶೆಲತ್, ಗ್ರೋವರ್ ಅವರನ್ನೂ ದಾಟಿಸಿ, ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಕುರ್ಚಿ ಹೋಯಿತು, ವೈಫಲ್ಯ ಎಂದು ದಾಖಲಿಸದೆ ವಿಧಿಯಿಲ್ಲ.

ಇದೇ ಹೊತ್ತಿಗೆ ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದ ಉಡುಪಿಯ ಟಿ.ಎ. ಪೈ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಕೈಗಾರಿಕೆಯ ಖಾತೆ ನೋಡುತ್ತಿದ್ದರು. 1975ರಲ್ಲಿ ಪ್ರಧಾನಿಯ ಮಗನ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರಕ್ಕೆ ಬೇಕಾದ ಮಾಹಿತಿ ಕೇಳಿಕೊಂಡು ನಾಲ್ವರು ಅಧಿಕಾರಿಗಳು ಓಡಾಡಿದರು. ಅವರು ಯಾರನ್ನೂ ತಡೆಯಲು ಹೊರಟವರಲ್ಲ, ಕೇಳಿದ್ದಕ್ಕೆ ಉತ್ತರ ಹುಡುಕಿದವರು. ಸಿಬಿಐ ಅವರನ್ನೇ ಹುಡುಕಿಕೊಂಡು ಮನೆಗೆ ಬಂತು. ಕೆಲವು ವಾರ ಕಳೆದು ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಯ ಸಹಿ ಬಿತ್ತು. ಸಂಪುಟಕ್ಕೆ ವಿಷಯ ತಿಳಿಸಿದ್ದು ಮರುದಿನ ಬೆಳಿಗ್ಗೆ ಆರಕ್ಕೆ. ದೇಶದ ಅತ್ಯಂತ ಜವಾಬ್ದಾರಿಯುತ ಜನ ನಿದ್ದೆಗಣ್ಣಿನಲ್ಲಿ ಕೂತು ಒಪ್ಪಿ ಎದ್ದರು. ಆ ಬೆಳಿಗ್ಗೆ ಒಂದೇ ಒಂದು ಕುರ್ಚಿ ಖಾಲಿಯಾಗಲಿಲ್ಲ. ಯಶಸ್ಸು.

ಮುಂದಿನದನ್ನು ಯಾವ ಪ್ರಸಂಗಕರ್ತನೂ ಬರೆಯಲಾರ. 1977ರಲ್ಲಿ ಮತದಾರರು ಇಂದಿರಾ ಅವರನ್ನು ಇಳಿಸಿದರು. ‘ವಿಫಲ’ ಹೆಗ್ಡೆ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1978ರ ನವೆಂಬರ್‌ನಲ್ಲಿ, ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಚಿಕ್ಕಮಗಳೂರು ಇಂದಿರಾ ಅವರನ್ನು ಉಪಚುನಾವಣೆಯಲ್ಲಿ ಮತ್ತೆ ಆರಿಸಿ ಕಳಿಸಿತು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವ ತನಕ ಜೈಲಿಗೆ ಕಳಿಸಿತು. ಆರೋಪ: ಆ ನಾಲ್ವರು ಅಧಿಕಾರಿಗಳಿಗೆ ಕೊಟ್ಟ ಕಿರುಕುಳ. ಪೀಠದಲ್ಲಿದ್ದವರು ಕೌಡೂರಿನ ಹೆಗ್ಡೆ. 1980ರಲ್ಲಿ ಮತದಾರರು ಇಂದಿರಾ ಅವರನ್ನು ಮರಳಿ ತಂದರು. 1981ರ ಮೇ 7ರಂದು ಹೊಸ ಸದನ ಹಳೆಯ ನಿರ್ಣಯವನ್ನು ರದ್ದು ಮಾಡಿತು. ಹೋದವರು ಬಂದರು, ಬಂದವರು ಹೋದರು. ಅಳಿಸಲು ಆಗದೆ ಉಳಿದದ್ದು 1973ರಲ್ಲಿ ಬರೆದಿಟ್ಟ ಆ ಒಂದು ಸಾಲು.

ಬರೆದುಕೊಡಿ ಸ್ವಾಮಿ

ಆಡಳಿತದಲ್ಲಿ ನಿಜವಾದ ಅಸ್ತ್ರವೊಂದಿದೆ. ಅದರ ಹೆಸರು ‘ಬರೆದುಕೊಡಿ’. ಬಾಯಿಮಾತಿನ ಆದೇಶ ಕೊಟ್ಟವರಿಗೆ ಇದನ್ನು ಹೇಳಿದರೆ ಅರ್ಧ ಆದೇಶಗಳು ಅಲ್ಲೇ ಆವಿಯಾಗುತ್ತವೆ. ಮೂಡುಬಿದಿರೆಯವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ ಆಡಳಿತವನ್ನು ನೆಟ್ಟಗೆ ಮಾಡುವ ಬಗ್ಗೆ 2005ರಿಂದ 2009ರ ತನಕ ಕೂತು 15 ವರದಿ ಕೊಟ್ಟಿತು. ಮೌಖಿಕ ಆದೇಶವನ್ನು ಅಧಿಕಾರಿಗಳು ಬರಹಕ್ಕೆ ಇಳಿಸಿಯೇ ನಡೆಯಬೇಕು, ಅವರಿಗೆ ನಿಶ್ಚಿತ ಅವಧಿ ಬೇಕು ಎಂದು 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಅರ್ಜಿ ಹಾಕಿದವರು ನಿವೃತ್ತ ಅಧಿಕಾರಿಗಳು. ಧೈರ್ಯ ಪಿಂಚಣಿಯ ಜತೆಗೇ ಮಂಜೂರಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಅಧಿಕೃತ ದಾಖಲೆ ಸಿಗುವುದಿಲ್ಲ.

ಶಿಫಾರಸುಗಳು

1. ತಲೆ ತಿರುಗಿದ ಮೇಲೆ ತಡೆಯುವವರನ್ನು ಹುಡುಕುವ ಬದಲು ತಲೆ ನೆಟ್ಟಗಿರುವವರನ್ನೇ ಆರಿಸುವುದು ಅಗ್ಗ. ಅಪ್ರಾಯೋಗಿಕವೆಂದು ಈ ಸಲಹೆಯನ್ನು ಕೈಬಿಡಲಾಗಿದೆ.

2. ಮಂತ್ರಿಯ ವೇಷವನ್ನು ಹೊಸಬರಿಗೇ ಕೊಡುವ ಪದ್ಧತಿ ಮುಂದುವರಿಯಲಿ. ಹಳಬರಿಗೆ ಕೊಟ್ಟರೂ ಅರ್ಥ ಎರಡು ಶಬ್ದ ದಾಟುವ ಸೂಚನೆಗಳಿಲ್ಲ.

3. ‘ಒಳಗೆ ಯಾರೋ ಒಬ್ಬ ಒಳ್ಳೆಯವನಿದ್ದಾನೆ, ಅವನು ನೋಡಿಕೊಳ್ಳುತ್ತಾನೆ’ ಎಂಬ ನಂಬಿಕೆಯನ್ನು ಸಾರ್ವಜನಿಕರು ಕಾಪಾಡಿಕೊಳ್ಳಬೇಕು. ಅಧಿಕಾರಿಗೆ ಇದರಿಂದ ಗೌರವ, ದೊರೆಗೆ ಸಮಯ, ನಮಗೆ ನಿದ್ದೆ. ಮೂವರಿಗೂ ಒಟ್ಟಿಗೆ ಇಷ್ಟು ಅನುಕೂಲವಾಗುವ ಯೋಜನೆ ಸರಕಾರದಲ್ಲಿ ಬೇರೆ ಇಲ್ಲ.

4. ಅಧಿಕಾರಿಯನ್ನು ವರ್ಗ ಮಾಡಬಹುದು, ನ್ಯಾಯಮೂರ್ತಿಯನ್ನು ದಾಟಿಸಬಹುದು, ಮಂತ್ರಿಯನ್ನು ಬೆಳಿಗ್ಗೆ ಆರಕ್ಕೆ ಎಬ್ಬಿಸಬಹುದು. ಮತದಾರನನ್ನು ವರ್ಗ ಮಾಡುವ ಅಧಿಕಾರ ಮಾತ್ರ ಈ ತನಕ ಯಾವ ಇಲಾಖೆಗೂ ಇಲ್ಲ. ಅವನೂ ಆಗಾಗ ಮನಸ್ಸು ಬದಲಿಸುತ್ತಾನೆ, ಆದರೆ ಯಾರ ಅಪ್ಪಣೆಯನ್ನೂ ಕೇಳದೆ ಬದಲಿಸುತ್ತಾನೆ. ಇದು ನಿಯಮಾವಳಿಯಲ್ಲಿರುವ ಗಂಭೀರ ಲೋಪ. ಸಂಬಂಧಪಟ್ಟವರ ಗಮನಕ್ಕೆ ಇದು ಈಗಾಗಲೇ ಬಂದಿದೆ ಎಂದು ತಿಳಿದುಬಂದಿದೆ.