ಸಹಿ ಹಾಕಿದ ಪಾದ್ರಿಗಳಿಗೊಂದು ಬಹಿರಂಗ ಪತ್ರ

ಶ್ರೀ ಥಾಮಸ್ ಟಾಮ್ಕಿನ್ಸ್ ಅವರಿಗೆ,
ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಗಿಲ್ಬರ್ಟ್ ಶೆಲ್ಡನ್ನರ ಮನೆಪಾದ್ರಿಗಳು, ಲಂಡನ್

ಮಾನ್ಯರೇ,

ಪುಸ್ತಕಗಳಿಗೆ ಪರವಾನಗಿ ಕೊಡುವ ಅಧಿಕಾರಿಗೆ ಕಾವ್ಯದ ಓದುಗರು ಕೃತಜ್ಞತೆ ಹೇಳುವುದು ಅಪರೂಪ. 1667ರಲ್ಲಿ ನೀವು ಹಾಕಿದ ಒಂದು ಸಹಿಗಾಗಿ ನಾನು ಮನಸಾರೆ ಹೇಳುತ್ತಿದ್ದೇನೆ. ಜೊತೆಗೆ ಒಂದು ತಕರಾರೂ ಇದೆ, ಅದನ್ನೂ ಕೇಳಿಸಿಕೊಳ್ಳಿ.

ಆ ವರ್ಷ ನಿಮ್ಮ ಮುಂದೆ ಬಂದದ್ದು ಜಾನ್ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್'. ಅರಮನೆಯವರಿಗೆ ಆ ಹೆಸರೇ ಕಣ್ಣಿನ ಮುಳ್ಳು. 1649ರಲ್ಲಿ ದೊರೆ ಒಂದನೇ ಚಾರ್ಲ್ಸ್‌ನ ತಲೆ ಕಡಿದದ್ದು ನ್ಯಾಯವೇ ಎಂದು ಬರೆದವನು ಅವನು. 1660ರಲ್ಲಿ ರಾಜಪ್ರಭುತ್ವ ಮರಳಿದಾಗ ಅವನ ಪುಸ್ತಕಗಳನ್ನು ಗಲ್ಲಿಗೇರಿಸುವವನ ಕೈಯಿಂದ ಸುಡಿಸಿದರು, ಅವನನ್ನೂ ಕೆಲಕಾಲ ಸೆರೆಯಲ್ಲಿಟ್ಟರು. ಅಷ್ಟು ಹೊತ್ತಿಗೆ ಅವನಿಗೆ ಕಣ್ಣು ಪೂರ್ತಿ ಹೋಗಿ ಎಂಟು ವರ್ಷವಾಗಿತ್ತು. ಈ ಮಹಾಕಾವ್ಯವನ್ನು ಅವನು ಬಾಯಲ್ಲಿ ಹೇಳಿ ಬೇರೆಯವರ ಕೈಯಲ್ಲಿ ಬರೆಸಿದ. ಮುದ್ರಕ ಸ್ಯಾಮ್ಯುಯೆಲ್ ಸಿಮನ್ಸ್ 1667ರ ಏಪ್ರಿಲ್ 27ರಂದು ಕರಾರು ಮಾಡಿಕೊಂಡು ಕೊಟ್ಟದ್ದು 5 ಪೌಂಡ್; 1,300 ಪ್ರತಿ ಖರ್ಚಾದ ಮೇಲೆ ಇನ್ನೊಂದು 5 ಪೌಂಡ್. ಆದರೆ 1662ರ ಕಾನೂನಿನಂತೆ ನಿಮ್ಮ ಒಪ್ಪಿಗೆಯಿಲ್ಲದೆ ಅಚ್ಚಿನ ಮೊಳೆ ಅಲುಗಾಡುವಂತಿರಲಿಲ್ಲ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. 1665ರಲ್ಲಿ ಪ್ಲೇಗು, 1666ರಲ್ಲಿ ಅರ್ಧ ಊರನ್ನೇ ನುಂಗಿದ ಬೆಂಕಿ. ಜನ ಆಕಾಶ ನೋಡಿ ಶಕುನ ಹುಡುಕುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಮೊದಲ ಸರ್ಗದಲ್ಲೇ ಒಂದು ಹೋಲಿಕೆ ನಿಮ್ಮನ್ನು ತಡೆಯಿತು: ಸೈತಾನನ ಕಳೆಗುಂದಿದ ತೇಜಸ್ಸು ಗ್ರಹಣ ಹಿಡಿದ ಸೂರ್ಯನಂತಿದೆ, ಆ ಗ್ರಹಣ ಕಂಡು ದೊರೆಗಳು ಏನು ಬದಲಾಗಿಬಿಡುತ್ತದೋ ಎಂದು ಕಳವಳಪಡುತ್ತಾರೆ. ಇದರಲ್ಲಿ ರಾಜದ್ರೋಹವಿದೆಯೆಂದು ನೀವು ಇಡೀ ಕಾವ್ಯವನ್ನೇ ತಡೆಯಹೊರಟಿದ್ದಿರಿ ಎಂದು ಮಿಲ್ಟನ್ನನ ಜೀವನಚರಿತ್ರೆಕಾರ ಜಾನ್ ಟೋಲ್ಯಾಂಡ್ 1698ರಲ್ಲಿ ಬರೆದ. ನಿಮ್ಮನ್ನು ಮೂಢ ಅಥವಾ ದುರುದ್ದೇಶದವನು ಎಂದು ಬೈದೂ ಬೈದ. ಆ ಬೈಗುಳ ನನಗೆ ಹಿಡಿಸುವುದಿಲ್ಲ. ಆ ಸಾಲುಗಳ ತಾಕತ್ತು ನಿಮಗೆ ಗೊತ್ತಾಯಿತು. ಎಷ್ಟೋ ಓದುಗರು ಚಂದದ ಉಪಮೆಯೆಂದು ದಾಟಿಹೋಗುವ ಜಾಗದಲ್ಲಿ ನೀವು ನಿಂತಿರಿ. ನಿಂತೂ ಒಂದಕ್ಷರ ಹೊಡೆದು ಹಾಕದೆ ಬಿಟ್ಟಿರಿ. ನನ್ನ ಕೃತಜ್ಞತೆ ಇದಕ್ಕೆ.

ಇನ್ನೊಂದಕ್ಕೂ ಇದೆ. ಹತ್ತು ಸರ್ಗಗಳ ಆ ಹಸ್ತಪ್ರತಿಯಲ್ಲಿ ಇಂದು ಉಳಿದಿರುವುದು ಮೊದಲ ಸರ್ಗದ 33 ಪುಟ ಮಾತ್ರ, ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ. ಒಬ್ಬ ಲಿಪಿಕಾರ ನೀಟಾಗಿ ಬರೆದದ್ದನ್ನು ಬೇರೆ ಬೇರೆ ಕೈಗಳು ತಿದ್ದಿವೆ; ಮೊಳೆ ಜೋಡಿಸುವವರು ಪುಟ ಎಲ್ಲಿ ಮುಗಿಯಿತೆಂದು ಗುರುತು ಹಾಕಿಕೊಂಡಿದ್ದಾರೆ. ಅಚ್ಚಾದ ಮೇಲೆ ಇಂಥ ಹಾಳೆ ರದ್ದಿಗೆ ಹೋಗುವುದೇ ರೂಢಿ. ಈ ಕಟ್ಟಿನಲ್ಲಿ ನಿಮ್ಮ ಪರವಾನಗಿ ಇತ್ತು, ಅದಕ್ಕೇ ಮುದ್ರಕ ಜೋಪಾನ ಮಾಡಿದ ಎನ್ನುತ್ತಾರೆ ವಿದ್ವಾಂಸರು. 1644ರಲ್ಲಿ 'ಏರಿಯೊಪಜಿಟಿಕ' ಬರೆದು, ಪರವಾನಗಿ ಪದ್ಧತಿಯನ್ನೇ ಕಿತ್ತೊಗೆಯಿರಿ ಎಂದು ಪಾರ್ಲಿಮೆಂಟನ್ನು ಕೇಳಿದವನ ಕಾವ್ಯದ ಹಸ್ತಪ್ರತಿ ಪರವಾನಗಿಯ ದೆಸೆಯಿಂದಲೇ ಬದುಕಿತು. ಆ ಪ್ರಬಂಧದಲ್ಲಿ ಅವನು ಇಟಲಿಯಲ್ಲಿ ಕಂಡ ಗೆಲಿಲಿಯೋನನ್ನು ನೆನೆದಿದ್ದ, ಧರ್ಮಪೀಠದ ಸೆರೆಯಾಳಾಗಿ ಮುದುಕನಾಗಿದ್ದವನನ್ನು. ನೀವು ಪಾಸು ಮಾಡಿದ ಮೊದಲ ಸರ್ಗದಲ್ಲೂ ಗೆಲಿಲಿಯೋನ ದೂರದರ್ಶಕ ಬರುತ್ತದೆ; ಅದರಲ್ಲಿ ಕಾಣುವ ಚಂದ್ರಬಿಂಬದ ಹಾಗೆ ಸೈತಾನನ ಗುರಾಣಿ.

ಈಗ ತಕರಾರು. ಅದು ನೀವು ಕೂತಿದ್ದ ಕುರ್ಚಿಯದು. ಮಿಲ್ಟನ್ ಕೂಡ ಗಣರಾಜ್ಯದ ದಿನಗಳಲ್ಲಿ ಒಂದು ಸುದ್ದಿಪತ್ರಿಕೆಗೆ ಪರವಾನಗಿ ಕೊಡುವ ಕೆಲಸ ಮಾಡಿದ್ದ. ಅವನನ್ನೂ ನಾನು ಬಿಡುವುದಿಲ್ಲ. ನೀವು ಸಹಿ ಹಾಕುವುದಕ್ಕೆ ಮೂರು ವರ್ಷ ಹಿಂದೆ, 1664ರಲ್ಲಿ, ಜಾನ್ ಟ್ವಿನ್ ಎಂಬ ಮುದ್ರಕನನ್ನು ದೊರೆಯ ವಿರುದ್ಧದ ಪುಸ್ತಕ ಅಚ್ಚುಹಾಕಿದ್ದಕ್ಕೆ ಗಲ್ಲಿಗೇರಿಸಿ, ದೇಹವನ್ನು ಸೀಳಿ ತುಂಡು ಮಾಡಿದರು. ಅದನ್ನು ಕಂಡ ಮೇಲೆ ಎಷ್ಟು ಮಂದಿ ತಮ್ಮ ಹಾಳೆಗಳನ್ನು ನಿಮ್ಮ ಮೇಜಿನವರೆಗೂ ತರದೆ ಒಲೆಗೆ ಹಾಕಿದರೋ, ಯಾವ ದಫ್ತರದಲ್ಲೂ ದಾಖಲಾಗಿಲ್ಲ. ಒಬ್ಬ ಅಧಿಕಾರಿಯ ಮನಸ್ಸು ಅಂದು ಯಾವ ಕಡೆ ವಾಲಿತೋ ಅದರ ಮೇಲೆ ಇಂಥ ಕಾವ್ಯದ ಉಳಿವು ನಿಲ್ಲಬಾರದಿತ್ತು. ನಮ್ಮ ಕುವೆಂಪು 'ಶ್ರೀರಾಮಾಯಣ ದರ್ಶನಂ'ನ ಮೊದಲಿಗೆ ಹೋಮರ್, ವರ್ಜಿಲ್, ಡಾಂಟೆಯರ ಸಾಲಿನಲ್ಲಿ ಮಿಲ್ಟನ್ನನಿಗೂ ಕೈಮುಗಿದಿದ್ದಾರೆ. ನೀವು ಅಂದು ಗ್ರಹಣದ ಸಾಲುಗಳಿಗೆ ಹಟ ಹಿಡಿದಿದ್ದರೆ ಕನ್ನಡಕ್ಕೂ ನಷ್ಟವಾಗುತ್ತಿತ್ತು.

1662ರ ಆ ಪರವಾನಗಿ ಕಾನೂನು 1695ರಲ್ಲಿ ಪಾರ್ಲಿಮೆಂಟು ಮುಂದುವರಿಸದೆ ಬಿಟ್ಟದ್ದರಿಂದ ತಾನಾಗಿ ಬಿದ್ದುಹೋಯಿತು. ಪರವಾನಗಿ ಪದ್ಧತಿಯನ್ನು ಕಿತ್ತೊಗೆಯಿರಿ ಎಂದು ಮಿಲ್ಟನ್ ಕೇಳಿ ಆಗ ಐವತ್ತೊಂದು ವರ್ಷ ಕಳೆದಿತ್ತು.

ಇಂತಿ,
ಮೊದಲ ಸರ್ಗದ ಒಬ್ಬ ಓದುಗ