ಮೈಲಿಗೊಂದು ಬ್ರೌಸರು

ನಾಗಮಂಗಲದಲ್ಲಿ ಪಾಂಡವಪುರದ ಬಸ್ಸು ಹತ್ತಿ ಕೂತರೆ, ಜಕ್ಕನಹಳ್ಳಿ ಬರುವಷ್ಟರಲ್ಲಿ ಪಕ್ಕದ ಸೀಟಿನವರಿಗೆ ನಮ್ಮ ಜಾತಕವೆಲ್ಲ ಗೊತ್ತಾಗಿರುತ್ತದೆ. ಯಾವೂರು, ಯಾರ ಪೈಕಿ, ಜಮೀನೆಷ್ಟು, ನಾಲೆ ನೀರೋ ಬೋರೋ, ಮಗ ಏನು ಮಾಡ್ತಾನೆ, ಮಗಳಿಗೆ ಇನ್ನೂ ಯಾಕೆ ಆಗಿಲ್ಲ. ಚಿಲ್ಲರೆ ಕೊಡಲು ಬಂದ ಕಂಡಕ್ಟರೂ ನಡುವೆ ಒಂದು ಉಪಪ್ರಶ್ನೆ ಹಾಕಿ ಹೋಗುವುದುಂಟು. ಇದನ್ನು ಯಾರೂ ತಪ್ಪು ಎನ್ನುವುದಿಲ್ಲ. ಏನೂ ಕೇಳದೆ ಕಿಟಕಿ ನೋಡುತ್ತ ಕೂತವನನ್ನೇ ‘ಯಾಕೋ ಧಿಮಾಕು ಜಾಸ್ತಿ’ ಎನ್ನುತ್ತಾರೆ. ಆದರೆ ಕೇಳಿದವರು ತಮ್ಮದನ್ನು ಮುಚ್ಚಿಡುವವರಲ್ಲ. ಪಾಂಡವಪುರದಲ್ಲಿ ಇಳಿಯುವ ಹೊತ್ತಿಗೆ ಅವರ ತಮ್ಮ ಪಾಲು ಕೇಳಿ ಕೋರ್ಟಿಗೆ ಹೋಗಿರುವುದು, ಸೊಸೆ ಮುನಿಸಿಕೊಂಡು ತವರು ಸೇರಿರುವುದು, ಮಂಡಿ ನೋವಿಗೆ ಯಾವ ಎಣ್ಣೆ ಹಚ್ಚುತ್ತಾರೆಂಬುದು ನಮಗೂ ಬಾಯಿಪಾಠ. ಲೆಕ್ಕ ಚುಕ್ತಾ.

ಇಂಥ ಸೀಮೆಯಲ್ಲೇ ಹುಟ್ಟಿ, ಕೃಷ್ಣರಾಜಪೇಟೆಯಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದ ನಮ್ಮ ಷಡ್ಡಕರಿಗೆ ಖಾಸಗಿತನದ ಚಿಂತೆ ಹತ್ತಿದ್ದು ವಿಮಾನದ ದೆಸೆಯಿಂದ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಬಾಣಂತನಕ್ಕೆಂದು ಗಂಡಹೆಂಡತಿ ಹೋಗಿ ಬಂದಾಗ ಅವಳೇ ಇಬ್ಬರ ಹೆಸರಲ್ಲೂ ಅಮೆರಿಕದ ವಿಮಾನ ಕಂಪನಿಯೊಂದರ ಮೈಲಿ ಖಾತೆ ತೆರೆದುಕೊಟ್ಟಳು. ಹಾರಿದಷ್ಟೂ ಮೈಲಿ ಜಮಾ, ಜಮಾ ಆದದ್ದು ತುಂಬಿದರೆ ಪುಕ್ಕಟೆ ಟಿಕೆಟ್ಟು. ಅಮೆರಿಕನ್ ಏರ್‌ಲೈನ್ಸ್‌ನವರು 1981ರಲ್ಲಿ ದೊಡ್ಡದಾಗಿ ಶುರುಮಾಡಿದ ಈ ಪದ್ಧತಿ ಈಗ ಹೆಚ್ಚುಕಡಿಮೆ ಎಲ್ಲ ದೊಡ್ಡ ವಿಮಾನ ಕಂಪನಿಗಳಲ್ಲೂ ಇದೆ. ಆದರೆ ಕೆ.ಆರ್. ಪೇಟೆಯಲ್ಲಿ ಕೂತವರು ಹಾರುವುದೆಷ್ಟು? ಅದಕ್ಕೂ ಮಗಳ ಹತ್ತಿರ ಉಪಾಯವಿತ್ತು. “ಅಪ್ಪ, ಪಾಪುಗೆ ಆಟದ ಸಾಮಾನು ನೀವು ಅಲ್ಲಿಂದಲೇ ಆರ್ಡರ್ ಮಾಡ್ತೀರಲ್ಲ, ಅದಕ್ಕೂ ಮೈಲಿ ಬರುತ್ತೆ. ಬ್ರೌಸರ್‌ಗೆ ಅವರದೊಂದು ಟೂಲ್‌ಬಾರ್ ಹಾಕ್ಕೊಳ್ಳಿ.”

ಟೂಲ್‌ಬಾರ್ ಎಂದ ಕೂಡಲೇ ನನಗೆ ನೆನಪಾಗುವುದು ಶ್ರೀರಂಗಪಟ್ಟಣದ ಹಳೆಯ ಸೈಬರ್ ಕೆಫೆ. ಪ್ಲೈವುಡ್ಡಿನ ಗೂಡು, ಸೊಳ್ಳೆ, ಒಳಗೆ ಉಬ್ಬಿದ ಮಾನಿಟರು. ಸಿಇಟಿ ರಿಸಲ್ಟ್ ನೋಡಲು ಮಕ್ಕಳನ್ನು ಕರೆದುಕೊಂಡು ಹೋದರೆ ಪರದೆಯ ಅರ್ಧಭಾಗವನ್ನು ಪಟ್ಟಿಗಳೇ ನುಂಗಿರುತ್ತಿದ್ದವು. ಯಾಹೂವಿನದೊಂದು, ಗೂಗಲ್ಲಿನದೊಂದು, ಆಸ್ಕ್‌ನದೊಂದು, ಅದರ ಕೆಳಗೆ ನಗುವ ಮುಖಗಳದೊಂದು. ಯಾರೂ ಬೇಕೆಂದು ಹಾಕಿಕೊಂಡದ್ದಲ್ಲ. ಜಾವಾ ಹಾಕಿಕೊಂಡರೆ ಅದರ ಹಿಂದೆಯೇ ಆಸ್ಕ್ ಟೂಲ್‌ಬಾರು ನುಸುಳಿ ಬರುತ್ತಿದ್ದ ಕಾಲ. ರಿಸಲ್ಟು ಕಾಣುವುದು ಉಳಿದ ಗೇಣುದ್ದ ಜಾಗದಲ್ಲಿ, ರ‍್ಯಾಂಕು ನೋಡಬೇಕಾದರೆ ಕೆಳಕ್ಕೆ ಎಳೆಯಬೇಕು, ಎಳೆಯುವಷ್ಟರಲ್ಲಿ ಕರೆಂಟು ಹೋಗಬೇಕು. 2000ದಲ್ಲಿ ಬಂದ ಗೂಗಲ್ ಟೂಲ್‌ಬಾರಿಗೆ 2021ರಲ್ಲಿ ಮಂಗಳ ಹಾಡಿದರು. ಆ ಪಟ್ಟಿಗಳೆಲ್ಲ ಈಗ ಮೈ ಕುಗ್ಗಿಸಿಕೊಂಡು ಬ್ರೌಸರಿನ ಮೂಲೆಯಲ್ಲಿ ಹೆಸರುಕಾಳಿನಷ್ಟು ಗುಂಡಿಗಳಾಗಿವೆ, ಎಕ್ಸ್‌ಟೆನ್ಷನ್ ಎಂದು ಹೆಸರು ಬದಲಿಸಿಕೊಂಡಿವೆ. ಯುನೈಟೆಡ್, ಅಮೆರಿಕನ್ ಮುಂತಾದ ಕಂಪನಿಗಳ ಮೈಲಿ ಗುಂಡಿಗಳು ಈ ಜಾತಿಯವು. ಹಳಬರ ಬಾಯಲ್ಲಿ ಮಾತ್ರ ಇನ್ನೂ ಟೂಲ್‌ಬಾರೇ.

ಗುಂಡಿ ಮಾಡುವ ಕೆಲಸ ಸರಳ. ನೀವು ಯಾವುದಾದರೂ ಅಂಗಡಿಯ ಸೈಟಿಗೆ ಹೋದರೆ ಅದು ಎಚ್ಚೆತ್ತು ‘ಇಲ್ಲಿ ಡಾಲರಿಗೆ ಎರಡು ಮೈಲಿ’ ಎಂದು ತಲೆ ಎತ್ತುತ್ತದೆ. ಒತ್ತಿದರೆ, ಈ ಗಿರಾಕಿಯನ್ನು ಕರೆತಂದವರು ನಾವೇ ಎಂದು ಅಂಗಡಿಯ ಲೆಕ್ಕದಲ್ಲಿ ಗುರುತು ಬೀಳುತ್ತದೆ. ಕೊಂಡರೆ ಅಂಗಡಿಯವರು ದಲ್ಲಾಳಿ ಹಣ ಕೊಡುತ್ತಾರೆ, ಅದರಲ್ಲೊಂದು ಪಾಲು ಮೈಲಿಯಾಗಿ ನಿಮಗೆ. ಮೇಷ್ಟ್ರು ಮೊದಲ ಸಲ 40 ಡಾಲರಿನ ಮರದ ರೈಲು ಕೊಂಡಾಗ 80 ಮೈಲಿ ಬಂತು. ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೋಗಿ ಬರುವುದಕ್ಕಿಂತ ಕೊಂಚ ಹೆಚ್ಚೇ ಎಂದು ಲೆಕ್ಕ ಹಾಕಿ ಖುಷಿಪಟ್ಟರು. ಹಣದಲ್ಲಿ ಹೇಳಬೇಕೆಂದರೆ ಮೈಲಿಗೆ ಸುಮಾರು ಒಂದು ಸೆಂಟು, ಒಟ್ಟು 70 ರೂಪಾಯಿ ಚಿಲ್ಲರೆ. ಅಮೆರಿಕಕ್ಕೆ ಒಂದು ಕಡೆಯ ಟಿಕೆಟ್ಟಿಗೆ 40,000 ಮೈಲಿ ಎಂದಿಟ್ಟುಕೊಂಡರೆ ಇಂಥ 500 ರೈಲು ಕೊಳ್ಳಬೇಕು. ಅಷ್ಟರಲ್ಲಿ ಮೊಮ್ಮಗನಿಗೆ ಮೀಸೆ ಬಂದಿರುತ್ತದೆ, ಮನೆಯೊಳಗೆ ಕಾಲಿಡಲು ಜಾಗ ಇರುವುದಿಲ್ಲ.

ನಮ್ಮ ನೆರೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದಾಗ ಈ ತಾಪತ್ರಯವೇ ಇರಲಿಲ್ಲ. ಒಂದು ರೂಪಾಯಿಗೂ ಟಿಕೆಟ್ ಮಾರಿದ ಪುಣ್ಯಾತ್ಮ. ಕೊನೆಗೆ ಅದು ಕಿಂಗ್‌ಫಿಷರ್ ತೆಕ್ಕೆಗೆ ಬಿತ್ತು. ಕಿಂಗ್‌ಫಿಷರಿನಲ್ಲಿ ಪಾಯಿಂಟುಗಳಿಗೇನೂ ಬರವಿರಲಿಲ್ಲ, ಆದರೆ 2012ರಲ್ಲಿ ವಿಮಾನವೇ ನೆಲಕ್ಕೆ ಕೂತಾಗ ಪಾಯಿಂಟು ಇಟ್ಟುಕೊಂಡು ಏನು ಮಾಡುವುದು?

ಇರಲಿ, ಮೇಷ್ಟರ ವಿಷಯಕ್ಕೆ ಬರುತ್ತೇನೆ. ಕನ್ನಡ ಮೇಷ್ಟರಾದ್ದರಿಂದ ಅವರ ಬ್ರೌಸರು ಕನ್ನಡದಲ್ಲಿದೆ. ನಾವೆಲ್ಲ ಇಂಗ್ಲಿಷಿನಲ್ಲಿ ಓದದೆ ಒಪ್ಪಿಬಿಡುವ ಮಾತುಗಳನ್ನು ಅವರು ಕನ್ನಡದಲ್ಲಿ ಪದಪದವಾಗಿ ಓದುತ್ತಾರೆ. ಒಂದು ದಿನ ಗುಂಡಿಯ ಹೊಸ ಆವೃತ್ತಿ ಬಂದು ಮತ್ತೆ ಅನುಮತಿ ಕೇಳಿತು. ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು ಬಿಡಬೇಕು ಎಂಬ ಅರ್ಥದ ಸಾಲು. ತಕ್ಷಣ ನನಗೆ ಫೋನು.

“ಅಲ್ಲ ಕಣಯ್ಯ, ಓದೋದಾದ್ರೆ ಓದ್ಕೊಳ್ಲಿ. ಬದಲಾಯ್ಸೋದ್ಯಾಕೆ? ನಾನೇನು ಇವ್ರತ್ರ ಕಾಪಿ ತಿದ್ದಿಸ್ಕೊಳ್ಳೋಕೆ ಕೊಟ್ಟಿದ್ದೀನಾ?”

“ಪುಟದ ಮೇಲೆ ‘ಎರಡು ಮೈಲಿ’ ಅಂತ ಚೀಟಿ ಅಂಟಿಸ್ಬೇಕಲ್ಲ ಅಣ್ಣ, ಅದೂ ಬದಲಾವಣೇನೇ.”

“ಅದು ಅಂಗಡಿ ಪುಟದಲ್ಲಿ. ಬ್ಯಾಂಕಿನ ಪುಟದಲ್ಲೂ ಯಾಕೆ?”

ಇದಕ್ಕೆ ಉತ್ತರ ಹೇಳುವುದು ಕಷ್ಟ. ಇದು ಅಂಗಡಿಯ ಪುಟ ಎಂದು ಗೊತ್ತಾಗಬೇಕಾದರೆ ಗುಂಡಿ ಎಲ್ಲ ಪುಟಗಳ ಬಾಗಿಲಲ್ಲೂ ಇಣುಕಬೇಕು. ಇಣುಕಿ ವಿಳಾಸ ನೋಡಿ ಅಷ್ಟಕ್ಕೇ ಬಿಟ್ಟುಬಿಡುವ ಮರ್ಯಾದಸ್ಥ ಗುಂಡಿಗಳಿವೆ. ಕಂಡದ್ದನ್ನೆಲ್ಲ ಬರೆದುಕೊಂಡು ಹೋಗುವವೂ ಇವೆ. ಅಮೆರಿಕದಲ್ಲಿ ಯುಪ್ರಾಮಿಸ್ ಎಂಬ ಸಂಸ್ಥೆ ಹೀಗೇ ಕೊಂಡಿದ್ದಕ್ಕೆ ಒಂದಿಷ್ಟು ಹಣ ಕೂಡಿಸಿ ಮಕ್ಕಳ ಕಾಲೇಜು ಫೀಸಿಗೆ ಕೊಡುತ್ತೇವೆಂದು ಟೂಲ್‌ಬಾರು ಹಂಚಿತ್ತು. ಅದು, ಜನ ಹೋದ ಸೈಟುಗಳ ಜೊತೆಗೆ ಅವರು ಕುಟ್ಟಿದ ಪಾಸ್‌ವರ್ಡನ್ನೂ, ಕೆಲವು ಸಲ ಕಾರ್ಡಿನ ನಂಬರನ್ನೂ ಎತ್ತಿಕೊಂಡು, ಗುಪ್ತಲಿಪಿಯೂ ಇಲ್ಲದೆ ಬಿಚ್ಚು ಕಾಗದದಂತೆ ಸಾಗಿಸುತ್ತಿತ್ತು ಎಂದು 2012ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. ಆಗ ಒಪ್ಪಿಕೊಂಡ ಷರತ್ತು ಮುರಿದದ್ದಕ್ಕೆ 2017ರಲ್ಲಿ 5 ಲಕ್ಷ ಡಾಲರ್ ದಂಡ ಬಿತ್ತು. ವೈರಸ್ಸಿನಿಂದ ಕಾಯುತ್ತೇನೆಂದ ಅವಾಸ್ಟ್ ಕಂಪನಿಯವರೂ ಜನ ಎಲ್ಲೆಲ್ಲಿ ಸುತ್ತಿದರೆಂಬುದನ್ನು ಮಾರಿದ್ದಕ್ಕೆ 2024ರಲ್ಲಿ 1.65 ಕೋಟಿ ಡಾಲರ್ ಕಕ್ಕಬೇಕಾಯಿತು. ಪುಕ್ಕಟೆ ಕೂಪನ್ ಹುಡುಕಿಕೊಡುವ ಹನಿ ಎಂಬ ಗುಂಡಿಯನ್ನು 2019ರಲ್ಲಿ ಪೇಪಾಲ್‌ನವರು ಸುಮಾರು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿದಾಗ, ಪುಕ್ಕಟೆಯ ಸಾಮಾನಿಗೆ ಇಷ್ಟು ರೇಟು ಹೇಗೆ ಎಂದು ಕೇಳುವವರು ಕೇಳಿದರು.

ಕಾನೂನು ಇಲ್ಲದಿಲ್ಲ. 86ರ ವಯಸ್ಸಿನಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿದರು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವ ಚೀಟಿ ಕನ್ನಡವೂ ಸೇರಿದಂತೆ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕಾದರೂ ಸಿಗಬೇಕೆಂದಿದೆ. ಇದನ್ನು ಹೇಳಿದಾಗ ಮೇಷ್ಟ್ರು ಹಿಗ್ಗಿದರು. ಕಾಗುಣಿತ ಯಾರು ನೋಡ್ತಾರಂತೆ, ಎಂದೂ ಕೇಳಿದರು.

ನಾನು ಬಸ್ಸಿನ ವಾದ ಮುಂದಿಟ್ಟೆ. ನಮ್ಮ ಕಡೆ ಗುಟ್ಟೆನ್ನುವುದೇ ಇಲ್ಲವಲ್ಲ ಅಣ್ಣ, ಈ ಗುಂಡಿಗೆ ಯಾಕೆ ಹೆದರಬೇಕು? ಅವರು ಒಪ್ಪಲಿಲ್ಲ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಕಿರೀಟವನ್ನೇ ನೋಡು, ಎಂದರು. ವರ್ಷವಿಡೀ ಮಂಡ್ಯದ ಖಜಾನೆಯಲ್ಲಿದ್ದು, ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಊರೂರಿನ ಪೂಜೆ ತೆಗೆದುಕೊಂಡು ಬೆಟ್ಟಕ್ಕೆ ಬರುತ್ತದೆ. ಹಗಲ ಬೆಳಕು ಸೋಕಬಾರದು, ತೊಡಿಸುವ ಅರ್ಚಕರೂ ಬರಿಗಣ್ಣಿನಿಂದ ನೋಡಬಾರದು ಎಂಬ ನಂಬಿಕೆ. ಸ್ವಾಮಿಯ ಮುಡಿಗೇರಿದ ಮೇಲೆ ಲಕ್ಷ ಜನ ನೋಡುತ್ತಾರೆ, ಅದು ಬೇರೆ. ಯಾವಾಗ, ಯಾರಿಗೆ, ಎಷ್ಟು ತೋರಿಸಬೇಕೆಂಬುದು ಚೆಲುವನಾರಾಯಣನ ಇಷ್ಟ. “ಬಸ್ಸಲ್ಲಿ ಕೇಳಿದವನಿಗೆ ಸುಳ್ಳು ಹೇಳ್ಬೋದು ಕಣಯ್ಯ. ಎರಡೆಕರೆ ಇದ್ರೆ ನಾಲ್ಕು ಅನ್ನು, ಅವನೂ ಹಂಗೇ ಹೇಳಿರ್ತಾನೆ. ಇದಕ್ಕೆ ಹೇಳೋಕಾಗುತ್ತಾ? ಇದರ ಮನೆ ಯಾವುದು, ಇದರ ಸೊಸೆ ಎಲ್ಲಿದಾಳೆ, ಏನಾದ್ರೂ ಗೊತ್ತಾ ನಮಗೆ?”

ಗೊತ್ತಾಗದಂತೆ ಗೊತ್ತಾಗುವ ವಿದ್ಯೆ ಮನೆಯೊಳಕ್ಕೂ ಬಂದಿದೆ, ಅದನ್ನು ಮೇಷ್ಟ್ರು ಅಷ್ಟಾಗಿ ಹಚ್ಚಿಕೊಂಡಿಲ್ಲ. ಅವರ ಕಾರಿನ ಫಾಸ್ಟ್ಯಾಗ್ ಮಗಳ ನಂಬರಿನಲ್ಲಿದೆ. ಗಣಂಗೂರು ಟೋಲ್ ದಾಟಿದರೆ ನ್ಯೂಜೆರ್ಸಿಯಲ್ಲಿ ಮೆಸೇಜು ಬೀಳುತ್ತದೆ. ‘ಡಾಕ್ಟರ್ ಹತ್ರ ಹೋಗ್ತೀನಿ ಅಂದು ಮದ್ದೂರು ಕಡೆ ಯಾಕೆ ಹೋದ್ರಿ ಅಪ್ಪ?’ ಎಂದು ಮಧ್ಯರಾತ್ರಿ ಎದ್ದು ಕೇಳುತ್ತಾಳೆ. ಮದ್ದೂರಿನಲ್ಲಿ ವಡೆ ಸಿಗುತ್ತದೆ, ಡಾಕ್ಟರು ಎಣ್ಣೆ ತಿನ್ನಬೇಡಿ ಎಂದಿದ್ದಾರೆ. ಮಗಳಾದ್ದರಿಂದ ಆಯಿತು.

ಗುಂಡಿಯನ್ನು ತೆಗೆದುಹಾಕಲೂ ಅವರಿಗೆ ಮನಸ್ಸು ಬರಲಿಲ್ಲ. ಆಗಲೇ ಸಾವಿರ ದಾಟಿದ ಮೈಲಿ, ಬಿಡುವುದು ಹೇಗೆ? ಪಾಂಡವಪುರದಿಂದ ನನ್ನ ಮಗನನ್ನು ಕರೆಸಿಕೊಂಡು ಕಂಪ್ಯೂಟರಿನಲ್ಲಿ ಎರಡು ಬ್ರೌಸರು ಮಾಡಿಸಿಕೊಂಡರು. ಒಂದರಲ್ಲಿ ಗುಂಡಿಯೂ ಇಲ್ಲ, ಕೂಪನ್ನೂ ಇಲ್ಲ, ಪಿಂಚಣಿ, ಬ್ಯಾಂಕು, ಡಾಕ್ಟರ ರಿಪೋರ್ಟು ಮಾತ್ರ. ಅದು ಮಡಿ ಬ್ರೌಸರು. ಇನ್ನೊಂದರಲ್ಲಿ ಮೈಲಿಯ ಗುಂಡಿ, ಅಂಗಡಿಯ ವ್ಯವಹಾರ. ನಿಜಕ್ಕೂ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನಂತೂ ಕಂಡಿಲ್ಲ, ಒಂದರ ಕಣ್ಣಿಗೆ ಇನ್ನೊಂದರದು ಬೀಳುವುದಿಲ್ಲ. ತೊಡಕಾಗಿರುವುದು ನಮ್ಮ ಅತ್ತಿಗೆಗೆ. ಮೊನ್ನೆ ನಾನಲ್ಲಿದ್ದಾಗಲೇ ಒಳಗಿನಿಂದ ಕೇಳಿದರು:

“ಇಗೋ, ಮಗನಿಗೆ ನಾಗಮಂಗಲದ ಹುಡುಗಿ ಫೋಟೋ ಕಳ್ಸವ್ರೆ, ಯಾವುದ್ರಲ್ಲಿ ತೆಗೀಲಿ?”

“ಮಡೀಲಿ ತೆಗಿ.”

“ಹಂಗೇ ನಿಶ್ಚಿತಾರ್ಥಕ್ಕೊಂದು ಸೀರೆ ನೋಡ್ತೀನಿ.”

“ಅದು ಮೈಲಿಗೆ.”

“ಸೀರೆ ಯಾಕ್ರೀ ಮೈಲಿಗೆ?”

“ಮೈಲಿಗೇ ಕಣೇ. ಗುಂಡಿ ಒತ್ತೋದು ಮರೀಬೇಡ!”